ರಾಗಿ ತುಂಬಿದ ಮನೆ

ಬೌರಿಂಗ್‌ಪೇಟೆ,
೧೦ನೇ ಆಗಸ್ಟ್ ೧೯೩೭

ಚಿರಂಜೀವಿ ಅಳಿಯಂದಿರಿಗೆ, ನಿಮ್ಮ ಅತ್ತೆ ಮನಸಾರೆ ಮಾಡುವ ಆಶೀರ್ವಾದ. ರೈಲು ನಿಲ್ದಾಣದ ಹಲಗೆಯ ಮೇಲಿರುವ ಊರ ಹೆಸರನ್ನೇ ಮೇಲೆ ಬರೆದಿದ್ದೇನೆ, ಅಂಚೆಯವನು ತಪ್ಪಬಾರದಲ್ಲ. ನಮ್ಮ ಬಾಯಲ್ಲಿ ಇದು ಎಂದಿಗೂ ಬಂಗಾರಪೇಟೆಯೇ.

ಮೊದಲು ನಿಮ್ಮ ಕಾಲಿನ ವಿಷಯ. ಕಟ್ಟು ಬಿಚ್ಚಿದರೋ, ಇನ್ನೂ ಇದೆಯೋ? ಕಟ್ಟಿನೊಳಗೆ ತುರಿಕೆ ಬಂದಾಗ ನೀವು ಪೊರಕೆ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತೀರೆಂದು ಮಗಳು ರತ್ನ ಬರೆದಿದ್ದಾಳೆ. ಎಂ.ಎ. ಓದುವವರು ಮಾಡುವ ಕೆಲಸವೇ ಅದು? ಮೂಳೆ ಕೂಡುವಾಗ ತುರಿಕೆ ಬಂದೇ ಬರುತ್ತದೆ, ತಡೆದುಕೊಳ್ಳಬೇಕು. ಜಟಕಾದ ಸೀನಪ್ಪ ನನ್ನನ್ನು ಕಂಡಾಗಲೆಲ್ಲ ಇನ್ನೂ ತಲೆ ತಗ್ಗಿಸುತ್ತಾನೆ. ಆದರೆ ಬೇತಮಂಗಲದ ರಸ್ತೆಯಲ್ಲಿ ನಿಮ್ಮನ್ನು ಬೀಳಿಸಿದ್ದು ತನ್ನ ಕುದುರೆಯಲ್ಲ, ಗಾಡಿ ನಿಲ್ಲುವ ಮೊದಲೇ ನೀವೇ ಇಳಿಯಹೋದಿರಿ ಎಂದು ನಾನಿಲ್ಲದ ಕಡೆ ಹೇಳಿಕೊಂಡು ತಿರುಗುತ್ತಾನಂತೆ. ನಾನು ಕುದುರೆಯ ಪಕ್ಷವನ್ನೂ ವಹಿಸಿಲ್ಲ, ನಿಮ್ಮ ಪಕ್ಷವನ್ನೂ ವಹಿಸಿಲ್ಲ. ರತ್ನಳಿಗೆ ಮೈ ಹುಷಾರಾಗಿದೆಯೇ? ಮೈಸೂರಿನ ಚಳಿಗೆ ಅವಳಿಗೆ ಬೇಗ ಗಂಟಲು ಕಟ್ಟುತ್ತದೆ, ರಾತ್ರಿ ಮೊಸರು ಕೊಡಬೇಡಿ. ನಿಂಬೆಕಾಯಿ ಉಪ್ಪಿನಕಾಯಿಯ ಜಾಡಿಯೊಂದನ್ನು ಮುಂದಿನ ವಾರ ಆ ಕಡೆ ಬರುವವರ ಕೈಯಲ್ಲಿ ಕಳಿಸುತ್ತೇನೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಈ ಸಲ ಮಳೆ ಹದವಾಗಿ ಬಿದ್ದು ಹೊಲಗಳಲ್ಲಿ ರಾಗಿ ಪೈರು ನೋಡುವ ಹಾಗಿದೆ. ನಮ್ಮ ಶಾಲೆಯ ಮಾಡು ಮಾತ್ರ ಸೋರುತ್ತಿದೆ, ಎರಡನೆಯ ತರಗತಿಯ ಹುಡುಗಿಯರನ್ನು ಮೂರನೆಯ ತರಗತಿಯವರ ಮಧ್ಯೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದೇನೆ.

ನಾನು ನಿಮಗೆ ಇಷ್ಟುದ್ದ ಕಾಗದ ಬರೆಯಲು ಕೂತಿರುವುದನ್ನು ನೋಡಿ ನನ್ನ ತಮ್ಮ ವೆಂಕಟೇಶಪ್ಪ ನಗುತ್ತಿದ್ದಾನೆ. ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ನಿಂತು ಮಾತನಾಡುವ ಪದ್ಧತಿಯಿಲ್ಲ. ನಿಮ್ಮ ಮದುವೆಯಾದಾಗಿನಿಂದ ನಾನು ನಿಮ್ಮೊಡನೆ ಆಡಿದ ಮಾತೆಲ್ಲ ಬಾಗಿಲ ಹಿಂದಿನಿಂದ ಆಡಿದ್ದು, ಅದೂ ನೇರವಾಗಿ ಅಲ್ಲ. 'ಅವರಿಗೆ ಇನ್ನೊಂದು ಮುದ್ದೆ ಹಾಕಬೇಕಾ ಕೇಳೋ' ಎಂದು ತಮ್ಮನಿಗೆ ಹೇಳುತ್ತಿದ್ದೆ, ನೀವು 'ಬೇಡ ಅನ್ನಿ' ಎಂದು ತಮ್ಮನಿಗೇ ಹೇಳುತ್ತಿದ್ದಿರಿ, ನಾನು ಕೇಳಿಸದವಳ ಹಾಗೆ ಇನ್ನೊಂದು ಮುದ್ದೆ ಕಳಿಸುತ್ತಿದ್ದೆ. ಮೂವತ್ತು ಮಕ್ಕಳ ಮುಂದೆ ಗಂಟಲು ಹರಿಯುವಂತೆ ಕೂಗುವವಳಿಗೆ ಅಳಿಯನ ಮುಂದೆ ಮಾತ್ರ ಬಾಯಿಗೆ ಬೀಗ. ಕಾಗದದಲ್ಲಿ ಬರೆಯಬಾರದು ಎಂದು ಯಾವ ಹಿರಿಯರೂ ಹೇಳಿಲ್ಲವಾದ್ದರಿಂದ ಈ ದಾರಿ ಹಿಡಿದಿದ್ದೇನೆ. ಇಷ್ಟು ಪೀಠಿಕೆ ಏಕೆಂದರೆ ಇವತ್ತು ನಾನು ನಿಮಗೆ ಸ್ವಲ್ಪ ಕಷ್ಟದ ಮಾತೊಂದನ್ನು ಹೇಳಬೇಕಾಗಿದೆ. ಹೆದರಬೇಡಿ, ನಿಮ್ಮ ಹೆಂಡತಿಯ ಮೇಲಿನ ದೂರಲ್ಲ. ನಿಮ್ಮ ಪ್ರಬಂಧದ ವಿಷಯ.

ಸೆಪ್ಟೆಂಬರ್ ಕೊನೆಯೊಳಗೆ ಪ್ರಬಂಧ ಕೊಡದಿದ್ದರೆ ಈ ವರ್ಷ ಹೋಯಿತು, ಇನ್ನೊಂದು ವರ್ಷ ಓದಿಸಲು ನಿಮ್ಮ ತಂದೆಯವರು ಒಪ್ಪುವುದಿಲ್ಲ, ಅಕ್ಕಿ ಗಿರಣಿಯಲ್ಲಿ ಕೂರಿಸುತ್ತಾರೆ ಎಂದು ರತ್ನ ಅಳುಮೋರೆಯಲ್ಲಿ ಬರೆದಿದ್ದಳು. ಅದರ ಜೊತೆಗೇ ನಿಮ್ಮ ಕಾಗದ ಬಂತು. ಕಾಲು ಮುರಿದವನು ಹಳ್ಳಿ, ಗಣಿಯ ಕೂಲಿಗಳ ಲೈನು ಅಂತ ಹೇಗೆ ಸುತ್ತಲಿ, ಬಿಟ್ಟುಬಿಡುತ್ತೇನೆ ಎಂದಿದ್ದಿರಿ. ನಿಜ ಹೇಳುತ್ತೇನೆ, ಆ ದಿನ ನನಗೆ ಕೋಪ ಬಂತು. ನಮ್ಮ ಮನೆತನದಲ್ಲಿ ನಿಮ್ಮಷ್ಟು ಓದಿದವರು ಯಾರೂ ಇಲ್ಲ, ನೀವು ಗಿರಣಿಯಲ್ಲಿ ಕೂರುವುದು ನನಗೆ ಬೇಕಾಗಿಲ್ಲ. ನೀವು ನೋಡಬೇಕಾದದ್ದು ಒಂದೇ ಮನೆ ತಾನೇ, ಉಳಿದದ್ದನ್ನು ನಾನು ಹೋಗಿ ನೋಡಿ ಬರುತ್ತೇನೆ, ಹೇಗೆ ನೋಡಬೇಕೆಂದು ಬರೆದು ಕಳಿಸಿ ಎಂದು ಆಗಲೇ ಕಾರ್ಡು ಹಾಕಿದೆ. ನೀವು ನನ್ನನ್ನು ನಂಬಿ ಕ್ರಮವನ್ನೆಲ್ಲ ಬರೆದು ಕಳಿಸಿದ್ದು ನನಗೆ ಎಷ್ಟು ಸಂತೋಷ ಕೊಟ್ಟಿತೆಂದು ಇಲ್ಲಿ ಹೇಳಿಬಿಡುತ್ತೇನೆ. ಅದನ್ನು ನಾಲ್ಕಾರು ಸಲ ಓದಿದೆ. ನೂರು ಮನೆಯನ್ನು ಮೇಲಿಂದ ಮೇಲೆ ಎಣಿಸುವುದಲ್ಲ, ಒಂದೇ ಮನೆಯನ್ನು ಒಳಹೊಕ್ಕು ನೋಡುವುದು. ಏನನ್ನು ತಿಳಿಯಬೇಕೆಂಬ ಪ್ರಶ್ನೆ ಮೊದಲೇ ಗಟ್ಟಿಯಾಗಿರಬೇಕು. ಅದೇ ಮನೆ ಏಕೆ ಎಂದರೆ ಕಾರಣ ಹೇಳಬೇಕು. ಮನೆಯ ಗಡಿ ಎಲ್ಲಿ ಮುಗಿಯುತ್ತದೆ ಎಂದು ಗೊತ್ತು ಮಾಡಿಕೊಳ್ಳಬೇಕು. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೂ, ಇಬ್ಬರ ಮಾತನ್ನು ಕಣ್ಣಿಗೆ ಕಂಡದ್ದಕ್ಕೂ ಹಿಡಿದು ನೋಡಬೇಕು. ನಮ್ಮ ಶಾಲೆಗೆ ಬರುವ ಇನ್ಸ್‌ಪೆಕ್ಟರರು ಇದರಲ್ಲಿ ಕಾಲುಭಾಗ ಮಾಡಿದ್ದರೂ ನಮ್ಮ ಮಾಡು ಸೋರುತ್ತಿರಲಿಲ್ಲ.

ಚಿನ್ನದ ಗಣಿಯ ಕೂಲಿ ಬರತೊಡಗಿದ ಮೇಲೆ ಹಳ್ಳಿಯ ಒಂದು ಮನೆಯ ಊಟ ಹೇಗೆ ಬದಲಾಯಿತು ಎಂಬ ನಿಮ್ಮ ಪ್ರಶ್ನೆ ಒಳ್ಳೆಯದು. ಬೇತಮಂಗಲದ ಕೆರೆಯ ಆಚೆಗಿನ ಮುನಿಶಾಮಮ್ಮನ ಮನೆಯನ್ನು ಆರಿಸಿದ್ದೂ ಸರಿ. ಅವಳ ಗಂಡ ಬಚ್ಚಪ್ಪ ಹೊಲ ನೋಡುತ್ತಾನೆ, ಮಗ ಕೊಂಡಪ್ಪ ನಂದಿದುರ್ಗದ ಗಣಿಯಲ್ಲಿ ಕೆಲಸ ಮಾಡುತ್ತಾನೆ, ನಿಮಗೆ ಬೇಕಾದ ಎರಡೂ ಅಲ್ಲಿವೆ. ಆದರೆ ನೀವು ಹೊರಟು ಹೋದ ಮೇಲೆ ಅಲ್ಲಿ ಏನಾಯಿತೆಂದು ನಿಮಗೆ ಗೊತ್ತಿಲ್ಲ. 'ನಿಮ್ಮ ಮನೆಯ ಕೇಸು ತೆಗೆದುಕೊಂಡಿದ್ದೇನೆ, ಮೈಸೂರಿಗೆ ಹೋಗಿ ಬರೆಯುತ್ತೇನೆ' ಎಂದು ಬಚ್ಚಪ್ಪನಿಗೆ ಹೇಳಿ ಬಂದಿದ್ದಿರಂತೆ. ಆ ಮನುಷ್ಯ ವಾರಗಟ್ಟಲೆ ಸರಿಯಾಗಿ ಊಟ ಮಾಡಿಲ್ಲ. ಕೇಸು ಎಂದರೆ ಅವನಿಗೆ ಕೋಲಾರದ ಕೋರ್ಟು. ನಾನು ಹೋದ ಮೊದಲ ದಿನ ಕೈಮುಗಿದು ನಿಂತು, 'ನಮ್ ಮ್ಯಾಲೆ ಯಾವ್ ಕೇಸು ಟೀಚರಮ್ಮ? ಬದು ಒತ್ತಿದ್ದು ನಾನಲ್ಲ, ಅವ್ರೇ ಒತ್ತಿರಾದು' ಎಂದ. ಪಕ್ಕದ ಹೊಲದವನೊಡನೆ ಅವನಿಗಿರುವ ಬದುವಿನ ಜಗಳ ಹೀಗೆ ನಮ್ಮ ಅಧ್ಯಯನದೊಳಗೆ ತಾನಾಗಿ ಬಂದು ಸೇರಿತು, ನೀವು ನಾಲ್ಕು ಹಾಳೆ ಪ್ರಶ್ನೆ ಕೇಳಿದರೂ ಬಂದಿರಲಿಲ್ಲ. ಇದು ಕೋರ್ಟಿನದಲ್ಲ, ಓದಿನದು, ಬೇಡ ಅಂದರೆ ಈಗಲೇ ನಿಲ್ಲಿಸುತ್ತೇವೆ ಎಂದು ನಾನು ತಿಳಿಸಿ ಹೇಳಿ, ಅವರಿಬ್ಬರೂ ಮನಃಪೂರ್ವಕ ಒಪ್ಪಿದ ಮೇಲೆಯೇ ಒಳಗೆ ಕೂತೆ. ನೀವು ಅದನ್ನು ಮೊದಲೇ ಮಾಡಬೇಕಿತ್ತು ಎಂದು ಬರೆಯಲು ಅತ್ತೆಯಾದ ನನಗೆ ಸಂಕೋಚ, ಆದರೂ ಬರೆದಿದ್ದೇನೆ.

ಪ್ರಶ್ನೆಯ ಹಾಳೆಗಳನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಕಾಗದ ಕಂಡರೆ ಮುನಿಶಾಮಮ್ಮ ಸೆರಗು ಸರಿಮಾಡಿಕೊಂಡು ಶಾಲೆಯ ಹುಡುಗಿಯ ಹಾಗೆ ನೆಟ್ಟಗೆ ಕೂರುತ್ತಾಳೆ, ಬಾಯಿಂದ ಬರುವುದೆಲ್ಲ ಒಪ್ಪಿಸುವ ಪಾಠ. ಅದಕ್ಕೇ ಭಾನುವಾರ ಹೋದಾಗಲೆಲ್ಲ ಅವಳ ಜೊತೆ ಹುರುಳಿ ಹಸನು ಮಾಡಿದೆ, ಒಲೆಗೆ ಸೌದೆ ಕೊಟ್ಟೆ, ಎಮ್ಮೆಯ ವಿಷಯ ಮಾತನಾಡಿದೆ. ಮನೆಗೆ ಬಂದ ಮೇಲೆ ಬರೆದುಕೊಂಡೆ. ಹಾಳೆಯ ಎಡಗಡೆ ಅವರು ಹೇಳಿದ್ದು, ಬಲಗಡೆ ನಾನು ಕಂಡದ್ದು, ನನಗೆ ಅನ್ನಿಸಿದ್ದು ಬೇರೆ ಹಾಳೆಯಲ್ಲಿ. ಈ ಮೂರನ್ನು ಬೆರೆಸಬೇಡಿ ಎಂದು ನೀವೇ ಬರೆದಿದ್ದಿರಿ. ಬೆರೆಸದಿರುವುದು ಎಷ್ಟು ಕಷ್ಟವೆಂದು ನನಗೆ ಆಗ ತಿಳಿಯಿತು. ಬಚ್ಚಪ್ಪ ಹೇಳಿದ್ದೆಲ್ಲ ನಿಜವೆನ್ನಿಸುತ್ತಿತ್ತು, ಅವನ ಮುಖವೇ ಹಾಗಿದೆ. ಮಗ ಕೊಡುವ ಹಣದಿಂದಲೇ ಮನೆ ನಡೆಯುತ್ತಿದೆ, ತಾನು ಹೊಲ ಉಳುವುದು ಸುಮ್ಮನೆ ಕೂರಲಾರದೆ ಎಂದು ಅವನು ಹೇಳಿದ. ಅದೇ ಮಾತನ್ನು ನಿಮಗೂ ಹೇಳಿದ್ದ. ಒಳಗಿನಿಂದ ಮುನಿಶಾಮಮ್ಮ 'ಊಂ, ಊಂ' ಎಂದು ರಾಗ ಎಳೆದಳು. ಆ ರಾಗವನ್ನು ಯಾವ ಕಡೆ ಬರೆಯಬೇಕೋ ತಿಳಿಯಲಿಲ್ಲ, ಎಡಗಡೆಗೇ ಬರೆದೆ.

ಮುಂದಿನ ಭಾನುವಾರ ತಮ್ಮನನ್ನು ಜೊತೆಗೆ ಕರೆದುಕೊಂಡು ಮಾರಿಕುಪ್ಪಂ ರೈಲು ಹತ್ತಿ ಕೊಂಡಪ್ಪನನ್ನು ನೋಡಲು ಹೋದೆ. ಊರ್ಗಾಂನಲ್ಲಿ ಇಳಿದು ಕೇಳಿಕೊಂಡು ಹೋದೆವು. ನಂದಿದುರ್ಗದ ಲೈನಿನಲ್ಲಿ ತಟ್ಟಿಯ ಗೋಡೆಯ ಒಂದು ಕೋಣೆ, ಅದರಲ್ಲಿ ಕೊಂಡಪ್ಪನೂ ಆರ್ಕಾಟಿನ ಕಡೆಯ ಇಬ್ಬರು ಜೊತೆಗಾರರೂ ಇದ್ದಾರೆ. ಜೊತೆಗಾರರು ತಮಿಳಿನಲ್ಲಿ 'ಉಕ್ಕಾರುಂಗಮ್ಮಾ' ಎಂದು ಚಾಪೆ ಹಾಸಿ ಕೂರಿಸಿದರು, ಬಿಸಿ ಮುದ್ದೆ ಬಡಿಸಿದರು. ನಾನು ಉಂಡು ಬಂದಿರುವೆ ಎಂದರೂ ಬಿಡಲಿಲ್ಲ. ನಿಮಗೆ ನಾನು ಮಾಡುತ್ತಿದ್ದುದನ್ನು ನನಗೆ ಅವರು ಮಾಡಿದರು. ಮುದ್ದೆ ಮುರಿದು ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ಇದು ಅಂಗಡಿಯ ಹಿಟ್ಟಲ್ಲ. ಮೂಲೆಯಲ್ಲಿ ಮುನಿಶಾಮಮ್ಮನ ಹಳೆಯ ಸೀರೆಯ ಅಂಚನ್ನೇ ದಾರ ಮಾಡಿ ಬಾಯಿ ಕಟ್ಟಿದ ಚೀಲವಿತ್ತು. ಕೇಳಿದರೆ ಕೊಂಡಪ್ಪ ಹೆಮ್ಮೆಯಿಂದ ಹೇಳಿದ: 'ಅಮ್ಮ ಬಿಡದಂಗೆ ಕಳಿಸ್ತಾಳೆ. ಈ ಇಟ್ಟು ಇಲ್ದಿದ್ರೆ ಇಲ್ಲಿ ಕೂಲಿ ಯಾವ್ ಮೂಲೆಗ್ ಆಗ್ತದೆ ಟೀಚರಮ್ಮ? ಇವ್ರಿಬ್ರೂ ನಮ್ಮಮ್ಮನ್ ಇಟ್ಟೇ ತಿನ್ನಾದು.' ಅವನು ಊರಿಗೆ ಕಳಿಸುವ ಹಣ ಕಂದಾಯಕ್ಕೆ, ಬಟ್ಟೆಗೆ, ಉಪ್ಪು ಮೆಣಸಿನಕಾಯಿಗೆ ಆಗುತ್ತದೆ, ಅದು ಸುಳ್ಳಲ್ಲ. ಆದರೆ ಹೊಲದ ರಾಗಿ ಗಣಿಗೆ ಹೋಗುತ್ತಿದೆ. ನೀವು ಮನೆಯ ಗಡಿಯನ್ನು ಆ ಹಳ್ಳಿಯ ಹೊಸಿಲಿಗೆ ಹಾಕಿದ್ದಿರಿ. ಅದನ್ನು ನಂದಿದುರ್ಗದ ತಟ್ಟಿ ಕೋಣೆಯವರೆಗೂ ಎಳೆಯಬೇಕು ಎಂದು ಅಲ್ಲಿ ಊಟ ಮಾಡುತ್ತ ನನಗೆ ಹೊಳೆಯಿತು. ಬಹಳ ಖುಷಿಯಾಗಿ ರೈಲಿನಲ್ಲಿ ತಮ್ಮನಿಗೆ ದಾರಿಯುದ್ದಕ್ಕೂ ಇದನ್ನೇ ವಿವರಿಸಿದೆ, ಅವನು ನಿದ್ದೆ ಮಾಡಿದ.

ಆ ಖುಷಿಯಲ್ಲೇ ಮಾರನೆಯ ಸಂಜೆ ಶಾಲೆಯಿಂದ ಬಂದು, ನಾನು ಕಂಡದ್ದನ್ನು ಎಲ್ಲಿ ಸೇರಿಸಲಿ ಎಂದು ನೀವು ಮೈಸೂರಿನಿಂದ ಕಳಿಸಿದ್ದ ಅಧ್ಯಾಯದ ಪ್ರತಿಯನ್ನು ತೆರೆದು ಓದಿದೆ. 'ಸುಗ್ಗಿ ಕಳೆದು ಇಷ್ಟು ತಿಂಗಳಾದರೂ ಈ ಮನೆಯಲ್ಲಿ ರಾಗಿ ತುಂಬಿದೆ ಎಂದು ಗೃಹಿಣಿ ಹೇಳಿದಳು. ಕೇಳಿದಾಗಲೆಲ್ಲ ಅದೇ ಉತ್ತರ ಬಂದಿತು' ಎಂದು ಬರೆದು, ಅದರ ಮೇಲೆ, ಗಣಿಯ ಕೂಲಿಯಿಂದ ಈ ಕುಟುಂಬಕ್ಕೆ ವರ್ಷವಿಡೀ ತಿಂದು ಮಿಗುವಷ್ಟು ಧಾನ್ಯ ಉಳಿಯುತ್ತಿದೆ ಎಂದು ಸಿದ್ಧಾಂತ ಕಟ್ಟಿದ್ದೀರಿ. ನಾನು ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ನಗು ನಿಂತಿತು, ಏಕೆಂದರೆ ಇಡೀ ಅಧ್ಯಾಯ ನಿಂತಿರುವುದು ಆ ಒಂದು ಮಾತಿನ ಮೇಲೆ, ಮತ್ತು ನಿಮ್ಮ ಪ್ರೊಫೆಸರರು ಬಹಳ ಮೆಚ್ಚಿದ್ದು ಅದೇ ಅಧ್ಯಾಯವನ್ನು.

ಅಳಿಯಂದಿರೇ, ನಮ್ಮ ಕಡೆ 'ರಾಗಿ ತುಂಬಿದೆ' ಎಂದರೆ ರಾಗಿ ಮುಗಿದಿದೆ ಎಂದು ಅರ್ಥ.

ದೇವರಾಣೆಗೂ ತಮಾಷೆಯಲ್ಲ. ಮನೆಯಲ್ಲಿ ರಾಗಿ, ಅಕ್ಕಿ, ಉಪ್ಪು ಖಾಲಿಯಾದರೆ 'ಇಲ್ಲ' ಎಂಬ ಮಾತನ್ನು ಬಾಯಿಯಿಂದ ಆಡಬಾರದು. ಆಡಿದರೆ ಆ ಮಾತು ಮನೆಯಲ್ಲೇ ನಿಂತುಬಿಡುತ್ತದೆ ಎಂದು ಭಯ. ತೆಲುಗಿನಲ್ಲಿ 'ರಾಗುಲು ನಿಂಡುಕುನ್ನಾಯಿ' ಎನ್ನುತ್ತಾರಲ್ಲ, ಅದನ್ನೇ ನಾವು ಕನ್ನಡ ಮಾಡಿಕೊಂಡು 'ತುಂಬಿದೆ' ಎನ್ನುತ್ತೇವೆ. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವುದಿಲ್ಲವೇ, ಹಾಗೆ. ನಿಮ್ಮ ಮೈಸೂರಿನಲ್ಲೂ ಮನೆಯಿಂದ ಹೊರಡುವವರು 'ಬರುತ್ತೇನೆ' ಎಂದೇ ಹೊರಡುತ್ತಾರೆ. ಅವರು ಬಂದರೆಂದು ನೀವು ಪ್ರಬಂಧದಲ್ಲಿ ಬರೆಯುತ್ತೀರಾ? ಸಣ್ಣವರಿದ್ದಾಗಿನಿಂದ ಹಾಸ್ಟೆಲಿನಲ್ಲಿ ಉಂಡವರು ನೀವು. ಅಲ್ಲಿ ಅಕ್ಕಿ ಮುಗಿದದ್ದನ್ನು ಅಡುಗೆಭಟ್ಟ ಹೇಗೆ ಹೇಳುತ್ತಿದ್ದನೋ ನಿಮಗೇನು ಗೊತ್ತು. ರಾಗಿಯ ಗುಡಾಣವಿರುವುದು ಮುನಿಶಾಮಮ್ಮನ ಒಳಕೋಣೆಯ ಕತ್ತಲಲ್ಲಿ, ಹೊರಗಿನ ಗಂಡಸರು ಅಲ್ಲಿಗೆ ಹೋಗುವ ಹಾಗಿಲ್ಲ. ಕಣ್ಣಿಂದ ನೋಡುವ ದಾರಿಯಿಲ್ಲದೆ ಕಿವಿಯನ್ನು ನಂಬಿದಿರಿ. ನಾನು ನೋಡಿದೆ. ಅವಳು ಭುಜದವರೆಗೂ ಕೈ ಇಳಿಸಿ ಚಿಪ್ಪಿನಲ್ಲಿ ತಳ ಕೆರೆಯುತ್ತಿದ್ದಳು. ಮಗನ ಚೀಲ ಕಟ್ಟಿಕೊಟ್ಟ ಮೇಲೆ ಉಳಿದದ್ದು ಅಷ್ಟೇ. ಬೇಸಿಗೆಯಿಂದ ಶ್ರಾವಣದವರೆಗೂ ತಂಗಿಯ ಮನೆಯಿಂದ ಅಳೆದು ತರುತ್ತಾಳೆ, ಸುಗ್ಗಿಯಲ್ಲಿ ವಾಪಸು ಅಳೆಯುತ್ತಾಳೆ. ಅವಳೇನೂ ಅಳುತ್ತ ಕೂತಿಲ್ಲ. ಅವಳಿಗೆ ಅದು ಪ್ರತಿ ವರ್ಷದ ಮಾತು, ಹುರುಳಿ ಕಟ್ಟು ಮಾಡಿಕೊಂಡು ನಗುನಗುತ್ತ ಇದ್ದಾಳೆ.

ತಪ್ಪು ನಿಮ್ಮದೊಂದೇ ಎಂದು ತಿಳಿಯಬೇಡಿ. ನೀವು ಮೊದಲು ಬೇತಮಂಗಲದಿಂದ ಬಂದ ಸಂಜೆ ಜಗಲಿಯಲ್ಲಿ ಕೂತು ಇದನ್ನೇ ವೆಂಕಟೇಶಪ್ಪನಿಗೆ ಓದಿ ಹೇಳಿದಿರಿ. 'ಆ ಮನೇಲಿ ರಾಗಿ ತುಂಬಿದೆಯಂತೆ' ಎಂದಿರಿ. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ನಾನು 'ಪಾಪ' ಅಂದುಕೊಂಡೆ. ಮೈಸೂರಿನ ಹುಡುಗ ಎಷ್ಟು ಬೇಗ ನಮ್ಮ ಮಾತಿನ ಬಗೆ ಹಿಡಿದರಲ್ಲ ಎಂದು ಒಳಗೊಳಗೇ ಹಿಗ್ಗಿದೆ. ನಿಮ್ಮ ಕಿವಿಗೆ ತುಂಬಿದ ಗುಡಾಣ, ನನ್ನ ಕಿವಿಗೆ ಬರಿದಾದ ಗುಡಾಣ, ನಡುವೆ ಒಂದು ಬಾಗಿಲು. ನಾವಿಬ್ಬರೂ ಎದುರೆದುರು ಕೂತು ಮಾತನಾಡುವ ಪದ್ಧತಿ ಇದ್ದಿದ್ದರೆ ಅವತ್ತೇ ಇತ್ಯರ್ಥವಾಗುತ್ತಿತ್ತು. ಹಿರಿಯರು ಮಾಡಿಟ್ಟ ಪದ್ಧತಿಗಳ ಮೇಲೆ ನನಗೆ ಸಾಮಾನ್ಯವಾಗಿ ಸಿಟ್ಟಿಲ್ಲ. ಈ ಒಂದರ ಮೇಲೆ ಈಗ ಸ್ವಲ್ಪ ಬಂದಿದೆ.

ಈಗ ಏನು ಮಾಡುವುದು? ಪ್ರೊಫೆಸರರು ಮೆಚ್ಚಿದ್ದಾರೆ, ಯಾರಿಗೂ ತಿಳಿಯುವುದಿಲ್ಲ, ಹಾಗೇ ಇರಲಿ ಎಂದು ಒಂದು ಕ್ಷಣ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಆದರೆ ಅದನ್ನು ಓದಿದ ಯಾರೋ ಒಬ್ಬ ದೊಡ್ಡ ಮನುಷ್ಯರು, ಗಣಿಗೆ ಮಗನನ್ನು ಕಳಿಸಿದ ಮನೆಗಳಲ್ಲಿ ರಾಗಿ ಹೊರಚೆಲ್ಲುತ್ತಿದೆ ಎಂದು ಸಭೆಯಲ್ಲಿ ಭಾಷಣ ಮಾಡುತ್ತಾರೆ. ಅದು ಬೇಡ. ಅಧ್ಯಾಯವನ್ನು ತಿರುಗಿ ಬರೆಯಿರಿ. ಗಣಿ ಹಳ್ಳಿಯನ್ನು ಸಾಕುತ್ತಿದೆ ಎಂದಿರಿ ನೀವು. ಈ ಮನೆಯ ಮಟ್ಟಿಗೆ ಹಳ್ಳಿಯೇ ಗಣಿಯನ್ನು ಸಾಕುತ್ತಿದೆ, ಮಗನ ಜೊತೆಗೆ ಇನ್ನಿಬ್ಬರು ತಾಯಂದಿರ ಮಕ್ಕಳನ್ನೂ ಸಾಕುತ್ತಿದೆ. ನಿಮ್ಮ ಹಳೆಯ ಮಾತಿಗಿಂತ ಇದು ಎಷ್ಟೋ ಗಟ್ಟಿ ಎಂದು ನನಗೆ ತೋರುತ್ತದೆ. ಈ ಮನೆಯ ಮಟ್ಟಿಗೆ ಎಂಬುದನ್ನು ಮಾತ್ರ ಬಿಡಬೇಡಿ. ಪಕ್ಕದ ಮನೆಯಲ್ಲಿ ಏನಿದೆಯೋ ನಮಗೆ ಗೊತ್ತಿಲ್ಲ. ಮೊದಲು ಹೀಗೆ ತಪ್ಪಾಗಿ ಕೇಳಿಸಿಕೊಂಡೆ ಎಂಬುದನ್ನೂ ಮುಚ್ಚಿಡದೆ ಬರೆಯಿರಿ, ನಿಮ್ಮ ಹಿಂದೆ ಬರುವವರಿಗೆ ಅದೇ ದೊಡ್ಡ ಉಪಕಾರ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಬರೆದದ್ದನ್ನು ಆ ಮನೆಯವರಿಗೆ ಒಮ್ಮೆ ಓದಿ ಹೇಳಿ ಒಪ್ಪಿಸಿಕೊಳ್ಳಬೇಕೆಂದು ನೀವು ಹೇಳಿದ್ದಿರಲ್ಲ, ಮೊನ್ನೆ ಭಾನುವಾರ ಅದಕ್ಕೆಂದೇ ಹೋದೆ. ಬದುವಿನ ಜಗಳ, ಮಗನ ಚೀಲ, ಎಲ್ಲ ಓದಿದೆ. ಮುನಿಶಾಮಮ್ಮ ತಲೆದೂಗುತ್ತ ಕೇಳಿದಳು. 'ಶ್ರಾವಣದ ಹೊತ್ತಿಗೆ ಈ ಮನೆಯಲ್ಲಿ ರಾಗಿ ಇಲ್ಲ' ಎಂದು ಓದಿದ ಕೂಡಲೇ ಕೈಲಿದ್ದ ಮೊರ ಕೆಳಗಿಟ್ಟಳು. 'ಬಾಯಾಗೆ ಅನ್ನಬಾರ್ದ ಮಾತ್ನ ಕಾಗದ್ದಾಗೆ ಇಕ್ಕಿಬಿಟ್ರಾ ಟೀಚರಮ್ಮ? ಬಾಯಾಗಿಂದಾದ್ರೆ ಒಂದಿನ ಗಾಳಿಗಾದ್ರೂ ಓಗ್ತದೆ. ಬರ್ದಿದ್ದು ಓಗ್ತದಾ?' ಎಂದಳು.

ಬಚ್ಚಪ್ಪ ಅವಳನ್ನು ಸಮಾಧಾನ ಮಾಡಲು ನೋಡಿದ. 'ಓಗ್ಲಿ ಬಿಡಮ್ಮಿ, ಮೈಸೂರಾಗೆ ನಮ್ ಮನೆ ಯಾರ್ಗ್ ಗೊತ್ತಾಗ್ತದೆ?' ಎಂದರೆ, 'ದ್ಯಾವ್ರಿಗ್ ಗೊತ್ತಾಗಲ್ವಾ?' ಎಂದು ಅವನ ಬಾಯಿ ಮುಚ್ಚಿಸಿದಳು. ನಾನು ಒಂದೊಂದೇ ದಾರಿ ಹೇಳಿ ನೋಡಿದೆ. ತುಂಬಿದೆ ಎಂದೇ ಬರೆದು ಕೆಳಗೆ ಅರ್ಥ ಬರೆಯುತ್ತೇವೆ ಎಂದೆ. ಅರ್ಥದಲ್ಲಿ 'ಇಲ್ಲ' ಬಂತಲ್ಲ ಎಂದಳು. ನಿಮ್ಮ ಹೆಸರು ಬೇಡ, ಊರೂ ಬೇಡ, ಬೇರೆ ಯಾವುದಾದರೂ ಹೆಸರು ಹಾಕುತ್ತೇವೆ, ಚಿಕ್ಕಮುನಿಯಮ್ಮ ಅಂತ ಇಟ್ಟರೆ ಹೇಗೆ ಎಂದೆ. ಅವಳ ತಂಗಿಯ ಹೆಸರೇ ಅದು! ವೆಂಕಟರತ್ನಮ್ಮ ಎಂದೆ, ಓರಗಿತ್ತಿ. ನಮ್ಮ ಸೀಮೆಯಲ್ಲಿ ಬಾಯಿಗೆ ಬಂದ ಯಾವ ಹೆಸರು ಹೇಳಿದರೂ ನಾಲ್ಕು ಮನೆಯ ಆಚೆ ಅದೇ ಹೆಸರಿನವಳು ಒಬ್ಬಳು ಒಲೆ ಊದುತ್ತಿರುತ್ತಾಳೆ. 'ಯಾರ್ ಎಸರು ಆಕಿದ್ರೂ ಆ ಎಸರ್ನೋಳ್ ಮನೇಗ್ ತಟ್ತದೆ. ನನ್ನ ಬಿಟ್ಟು ಇನ್ನೊಬ್ಬಳ್ ಮ್ಯಾಲೆ ಆಕಾದು ನ್ಯಾಯಾನಾ?' ಎಂದಳು. ಅವಳು ಹಟ ಮಾಡುತ್ತಿರಲಿಲ್ಲ, ನಿಜವಾಗಿ ಹೆದರಿದ್ದಳು. ಯಾರ ಮನೆಗೂ ತಟ್ಟದ ಹಾಗೆ ಮಾಡಿಕೊಂಡು ಬರುತ್ತೇನೆ, ಆಗದಿದ್ದರೆ ನಿಮ್ಮ ಮನೆಯ ವಿಷಯ ಒಂದಕ್ಷರವೂ ಬರೆಯುವುದಿಲ್ಲ ಎಂದು ಮಾತು ಕೊಟ್ಟು ಎದ್ದೆ. ಅವಳು ಒಲ್ಲೆನೆಂದರೆ ಪ್ರಬಂಧವಿಲ್ಲ, ನಿಮಗೆ ಗಿರಣಿಯೇ ಗತಿ. ಹಾಗೆಂದು ಅವಳನ್ನು ಅಳಿಸಿ ಪಡೆದ ಪದವಿ ನಿಮಗೂ ಬೇಕಾಗಲಿಕ್ಕಿಲ್ಲ, ನಿಮ್ಮ ಬಗ್ಗೆ ನನಗೆ ಅಷ್ಟು ಗೊತ್ತು. ಒಂದು ದಾರಿ ಹುಡುಕುತ್ತಿದ್ದೇನೆ. ಈ ಕಾಗದ ಮುಚ್ಚುವುದರೊಳಗೆ ಏನಾದರೂ ಹೊಳೆದರೆ ಬರೆಯುತ್ತೇನೆ.

ನನ್ನ ಹಾಳೆಗಳನ್ನೆಲ್ಲ ಇದರ ಜೊತೆಗೇ ಇಟ್ಟಿದ್ದೇನೆ. ಬಲಗಡೆಯ ಅಕ್ಷರ ಕೆಲವು ಕಡೆ ಕೆಟ್ಟದಾಗಿದೆ, ತಮ್ಮ ನಿದ್ದೆ ಹೋದ ಮೇಲೆ ರೈಲಿನಲ್ಲಿ ಬರೆದದ್ದು. ನನ್ನ ಹುಡುಗಿಯರು ಹೀಗೆ ಬರೆದರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ತಿದ್ದಿ ಬರೆಯುವಾಗ ರತ್ನಳಿಗೆ ಹೇಳಿ ಬರೆಸಿ, ಅವಳ ಅಕ್ಷರ ಚೆನ್ನ, ಅವಳಿಗೂ ನಮ್ಮ ಕಡೆಯ ಮಾತು ಗೊತ್ತು. ಈ ಮೂರು ತಿಂಗಳು ನಾನು ಬಹಳ ಸುಖವಾಗಿದ್ದೆ ಎಂದು ನಿಮಗೆ ಹೇಳಬೇಕು. ಪಾಠ, ಮನೆ, ಪಾಠ ಎಂದು ಹೋಗುತ್ತಿದ್ದ ನನ್ನ ದಿನಗಳಿಗೆ ನೀವು ಒಂದು ಕೆಲಸ ಕೊಟ್ಟಿರಿ. ಇನ್ನೊಬ್ಬರ ಮನೆಯನ್ನು ಇಷ್ಟು ಪ್ರೀತಿಯಿಂದ ನೋಡಬಹುದೆಂದು ನನಗೆ ಗೊತ್ತಿರಲಿಲ್ಲ. ಕಾಲು ಜೋಪಾನ. ಗಾಡಿ ನಿಂತ ಮೇಲೆ ಇಳಿಯಿರಿ. ರತ್ನಳಿಗೆ ನನ್ನ ಮುತ್ತು, ನಿಮ್ಮ ತಂದೆ ತಾಯಿಯವರಿಗೆ ನಮಸ್ಕಾರ. ನೀವಿಬ್ಬರೂ ನೂರು ಕಾಲ ನೆಮ್ಮದಿಯಾಗಿ ಬಾಳಬೇಕೆಂದು ನಿತ್ಯ ದೀಪ ಹಚ್ಚುವಾಗ ಬೇಡಿಕೊಳ್ಳುವ,

ನಿಮ್ಮ ಅತ್ತೆ

ತಾ.ಕ.: ಅಂಚೆ ಕಟ್ಟುವ ಹೊತ್ತಾಯಿತು, ತಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾನೆ. ಹೊಳೆಯಿತು. ಬೇರೆ ಯಾರ ಹೆಸರನ್ನೂ ಹುಡುಕಬೇಡಿ, ನನ್ನ ಹೆಸರು ಹಾಕಿ. ಶ್ರಾವಣದಲ್ಲಿ ರಾಗಿ ಇಲ್ಲದ ಮನೆ ನನ್ನದೆಂದು ಬರೆಯಿರಿ. ನಾನಾಗಿ ಕೊಟ್ಟದ್ದಾದ್ದರಿಂದ ಮುನಿಶಾಮಮ್ಮನಿಗೆ ಪಾಪದ ಭಯವಿಲ್ಲ, ಭಾನುವಾರ ಹೋಗಿ ಒಪ್ಪಿಸುತ್ತೇನೆ. ರತ್ನ ಹೆದರಿ ಬೇಡ ಎನ್ನುತ್ತಾಳೆ, ಕೇಳಬೇಡಿ. ಅವಳ ಅಪ್ಪ ತೀರಿಕೊಂಡ ವರ್ಷವೇ ಈ ಮನೆಯಲ್ಲಿ 'ಇಲ್ಲ' ಎಂದು ನಾನು ಬಾಯಿಬಿಟ್ಟು ಆಡಿ ಆಗಿದೆ. ಅದಾದ ಮೇಲೂ ರಾಗಿ ಬೆಳೆದಿದೆ, ಮಗಳು ಬೆಳೆದಿದ್ದಾಳೆ, ಆ ಮಾತು ಇಲ್ಲಿ ನಿಲ್ಲಲಿಲ್ಲ. ನಿಮಗೆ ನನ್ನ ಹೆಸರು ಗೊತ್ತಿದೆಯೋ ಇಲ್ಲವೋ. ಮದುವೆಯ ಲಗ್ನಪತ್ರಿಕೆಯಲ್ಲಿ ತಮ್ಮನ ಹೆಸರಿತ್ತು, ಗಂಡ ಹೋದವಳ ಹೆಸರನ್ನು ಅಚ್ಚು ಹಾಕಿಸುವುದಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತೇನೆ, ಪರೀಕ್ಷಕರ ಮುಂದೆ ಗಟ್ಟಿಯಾಗಿ ಓದಿ, ಅಳಿಯ ಅತ್ತೆಯ ಹೆಸರು ಹೇಳಬಾರದೆಂಬುದನ್ನು ಆ ಒಂದು ದಿನ ಬಿಡಿ: ಆದಿಲಕ್ಷ್ಮಮ್ಮ. ಹೆಸರಿನಲ್ಲೇ ಲಕ್ಷ್ಮಿ ಇದ್ದಾಳೆ, ತಡೆದುಕೊಳ್ಳುತ್ತಾಳೆ.